ಅತ್ತೆಯವರ ಕಾಲು ಊದಿದ್ದೇಕೆ?

ಬೇಸಿಗೆ ಬಂತೆಂದರೆ ಅಮೆರಿಕದ ನಮ್ಮ ಕನ್ನಡ ಮನೆಗಳಿಗೆ ಊರಿನಿಂದ ಹಿರಿಯರು ಬರುವ ಸಂಭ್ರಮ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆಗೆ ಆರು ತಿಂಗಳಿಗಾಗುವಷ್ಟು ಮಾತ್ರೆ. ನಮ್ಮ ಅತ್ತೆಯವರು ಬಂದಾಗಲೂ ಹಾಗೇ. ಬಂದ ಮರುದಿನ ಸಂಜೆ ಎರಡೂ ಪಾದ ಊದಿ ಚಪ್ಪಲಿ ಏರದಂತಾಗಿತ್ತು. ವಿಮಾನದಲ್ಲಿ ಕೂತಿದ್ದಕ್ಕೇ ಎಂದುಕೊಂಡು ಸುಮ್ಮನಾದೆವು. ಅವರು ಮಾತ್ರ ತಾವೇ ಕಾರಣ ಪತ್ತೆಹಚ್ಚಿ, ನಮಗೆ ಹೇಳದೆ ಬಿ.ಪಿ. ಮಾತ್ರೆ ನಿಲ್ಲಿಸಿಬಿಟ್ಟಿದ್ದರು! ಹತ್ತು ದಿನ ಬಿಟ್ಟು ಅಳೆದರೆ ಮೇಲಿನ ಅಂಕಿ 178.

ತಮಾಷೆಯೆಂದರೆ ಅವರ ಅನುಮಾನ ಸರಿಯಾಗಿತ್ತು, ಉಪಾಯ ಮಾತ್ರ ತಪ್ಪು. ಅವರು ನುಂಗುತ್ತಿದ್ದುದು 10 ಮಿ.ಗ್ರಾಂ. ಅಮ್ಲೋಡಿಪಿನ್, 'ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್' ಗುಂಪಿನ ಔಷಧಿ. ರಕ್ತನಾಳದ ಗೋಡೆಯ ಸ್ನಾಯು ಬಿಗಿಯಾಗಬೇಕಾದರೆ ಕ್ಯಾಲ್ಸಿಯಂ ಅದರ ಜೀವಕೋಶದೊಳಗೆ ನುಗ್ಗಬೇಕು. ಆ ಬಾಗಿಲನ್ನು ಈ ಮಾತ್ರೆ ಅರೆಮುಚ್ಚುತ್ತದೆ. ನಾಳ ಸಡಿಲವಾಗಿ ಒತ್ತಡ ಇಳಿಯುತ್ತದೆ. ಆದರೆ ರಕ್ತ ತರುವ ಸಣ್ಣ ನಾಳಗಳು ಹಿಗ್ಗಿದಷ್ಟು ಹಿಂದಕ್ಕೆ ಒಯ್ಯುವವು ಹಿಗ್ಗುವುದಿಲ್ಲ. ನೀರಿನಂಶ ಕಣಕಾಲಲ್ಲಿ ಸೋರಿ ನಿಲ್ಲುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆಗೂ ಅದು ಅಷ್ಟಾಗಿ ಬಗ್ಗದು. ಡಾಕ್ಟರು ಪ್ರಮಾಣವನ್ನು 5ಕ್ಕೆ ಇಳಿಸಿ ಇನ್ನೊಂದು ಗುಂಪಿನ ಮಾತ್ರೆ ಸೇರಿಸಿದರು. (ಒಂದೇ ಕಾಲು ಊದಿ ನೋವಿದ್ದರೆ, ಉಸಿರು ಕಟ್ಟಿದರೆ ಕಥೆ ಬೇರೆ. ಪ್ರಯಾಣದ ನಂತರ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಎಮರ್ಜೆನ್ಸಿಗೆ ಓಡಿ.)

"ಹಾಗಾದರೆ ಹಾಲು-ಮೊಸರು ಬಿಡಬೇಕೇನಮ್ಮ?" ಎಂದರು ಅತ್ತೆ. ಬೇಡವೇ ಬೇಡ. ಔಷಧಿ ತಡೆಯುವುದು ಜೀವಕೋಶದ ಬಾಗಿಲಲ್ಲಿ, ಊಟದ ತಟ್ಟೆಯಲ್ಲಲ್ಲ.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಮಾತ್ರೆಯ ಹೆಸರು. ಊರಿನಲ್ಲಿ ಅಮ್ಲೋಡಿಪಿನ್ ಜೊತೆ ಅಟೆನೋಲಾಲ್ ಸೇರಿಸಿದ ಜೋಡಿ ಮಾತ್ರೆಗಳು ಧಾರಾಳ. ಪಟ್ಟಿಯ ಮೇಲಿನ ಬ್ರ್ಯಾಂಡ್ ಹೆಸರು ಇಲ್ಲಿಯ ಡಾಕ್ಟರಿಗೆ ಅರ್ಥವಾಗದು. ಅಟೆನೋಲಾಲ್ ಹೃದಯದ ಬಡಿತ ನಿಧಾನಿಸುತ್ತದೆ. ಅದು ತಿಳಿಯದೆ ಇದೇ ಗುಂಪಿನ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಕೊಟ್ಟರೆ ಬಡಿತ ಅಪಾಯಕ್ಕಿಳಿಯಬಹುದು. ಸಣ್ಣ ಅಕ್ಷರದ ಮೂಲ ಹೆಸರು, ಮಿ.ಗ್ರಾಂ. ಎರಡನ್ನೂ ಬರೆದೊಯ್ಯಿರಿ.

ಇನ್ನು ಬೆಳಗಿನ ಗ್ರೇಪ್‌ಫ್ರೂಟ್ ರಸ. ನಮ್ಮ ಚಕ್ಕೋತದ ನೆಂಟ ಅದು. ಅಮ್ಲೋಡಿಪಿನ್‌ಗೆ ಅಷ್ಟು ತೊಂದರೆಯಿಲ್ಲ, ಆದರೆ ಫೆಲೋಡಿಪಿನ್, ನಿಫೆಡಿಪಿನ್, ವೆರಪಮಿಲ್ ತೆಗೆದುಕೊಳ್ಳುವವರ ರಕ್ತದಲ್ಲಿ ಔಷಧಿಯ ಮಟ್ಟವನ್ನು ಏರಿಸುತ್ತದೆ; ಅವರಿಗೆ ಬೇಡ. ಚಕ್ಕೋತವೂ ಬೇಡ.

ಅತ್ತೆಯವರ ಪಾದ ಕೆಲವೇ ವಾರಗಳಲ್ಲಿ ಇಳಿಯಿತು. ಮಾತ್ರೆಗಳ ಚೀಟಿ ಈಗ ಅವರ ಪರ್ಸಿನಲ್ಲಿ, ಪಾಸ್‌ಪೋರ್ಟಿನ ಪಕ್ಕದಲ್ಲೇ ಇರುತ್ತದೆ.