ಗಣಿಯೂರುಗಳೂ ಬಂಗಾರಪೇಟೆಯ ರೈಲುದಾರಿಯೂ

ಗ್ರಾಮಚರಿತ್ರೆಯನ್ನು ಬರೆಯುವವರು ಮೊದಲು ಆ ಗ್ರಾಮದ ಜೀವನಾಧಾರ ಯಾವುದೆಂದು ವಿಚಾರಿಸತಕ್ಕದ್ದು. ಕರಾವಳಿಯ ಮಲ್ಪೆ, ಗಂಗೊಳ್ಳಿಗಳಿಗೆ ಕಡಲು ಆಧಾರ. ಕೋಲಾರದ ಬಯಲು ಹಳ್ಳಿಗಳಿಗೆ ಕೆರೆ. ಆದರೆ ಇದೇ ಜಿಲ್ಲೆಯ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ಕೋರಮಂಡಲಗಳು ನಂಬಿದ್ದುದು ನೆಲದೊಳಗಿನ ಬಂಡೆಯನ್ನು. ಉಳಿದುದೆಲ್ಲವೂ ಅವುಗಳಿಗೆ ಹೊರಗಿನಿಂದಲೇ ಬರಬೇಕಾಗಿತ್ತು. ಅವುಗಳ ಏಳುಬೀಳುಗಳ ಕಾರಣವೂ ಇದರಲ್ಲಿಯೇ ಅಡಗಿದೆ.

ಸ್ಥಳೀಯರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಕಂಡು ವರದಿ ಮಾಡಿದನು. 1870ರ ದಶಕದಲ್ಲಿ ಮೈಕೇಲ್ ಲಾವೆಲ್ ಎಂಬ ನಿವೃತ್ತ ಸೈನಿಕನು ಗಣಿಗಾರಿಕೆಯ ಹಕ್ಕನ್ನು ಪಡೆದನಾದರೂ ಬಂಡವಾಳ ಸಾಲದೆ ಅದನ್ನು ಪರರಿಗೆ ಬಿಟ್ಟುಕೊಟ್ಟನು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಕಾರ್ಯವನ್ನು ವಹಿಸಿಕೊಂಡ ಬಳಿಕ ಗಣಿಗಳು ಆಳಕ್ಕಿಳಿದವು.

ಮದರಾಸು–ಬೆಂಗಳೂರು ರೈಲುಮಾರ್ಗವು ಮೊದಲೇ, 1864ರಲ್ಲಿ, ಸಿದ್ಧವಾಗಿದ್ದಿತು. ಅದರ ಮೇಲಿನ ಬೌರಿಂಗ್‌ಪೇಟೆಗೆ ಕಮಿಷನರ್ ಲೆವಿನ್ ಬೌರಿಂಗನ ಹೆಸರು. ಜನರ ಬಾಯಲ್ಲಿ ಅದು ಬಂಗಾರಪೇಟೆಯಾಯಿತು. ಅಲ್ಲಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಉದ್ದದ ಕವಲುದಾರಿಯು 1894ರಲ್ಲಿ ತೆರೆಯಿತು. ನೀರು ಬೇತಮಂಗಲದ ಕೆರೆಯಿಂದ ಬಂದಿತು. ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ. ಕೆಲಸಗಾರರಲ್ಲಿ ಬಹುಮಂದಿ ಉತ್ತರ ಆರ್ಕಾಟು ಮೊದಲಾದ ತಮಿಳು ಸೀಮೆಗಳ ಭೂಹೀನ ದಲಿತರು, ತೆಲುಗರೂ ಇದ್ದರು. ಅವರು ಕಂಪೆನಿಯ ಲೈನುಗಳ ಇಕ್ಕಟ್ಟಾದ ಗುಡಿಸಲುಗಳಲ್ಲಿ ಬಾಳಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದರು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕಿ ಆಳವಾಯಿತು. ಆದರೆ ದುಡಿದವನಿಗೆ ಹೊಲವಿಲ್ಲ; ತಲೆಯ ಮೇಲಣ ಸೂರು ಸಹ ಗಣಿಯದೇ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮವಾದವು. ಅದಿರಿನ ಸತ್ವ ಇಳಿದು, ಆಳದಿಂದ ಎತ್ತುವ ವೆಚ್ಚವು ಏರಿ, 2001ರ ಫೆಬ್ರವರಿ 28ರಂದು ಕೆಲಸವು ನಿಂತಿತು. ಬಂಡೆಯೊಂದನ್ನೇ ನಂಬಿದ್ದ ಊರುಗಳಿಗೆ ಹಿಂದಿರುಗಲು ನೇಗಿಲಿರಲಿಲ್ಲ.

ಆದರೂ ಊರುಗಳು ಬರಿದಾಗಲಿಲ್ಲ. ಯಂತ್ರಗಳನ್ನು ತರುತ್ತಿದ್ದ ಆ ಕವಲುದಾರಿಯೇ ಇಂದು ಗಣಿಗಾರರ ಮಕ್ಕಳನ್ನು ಮುಂಜಾನೆ ಬೆಂಗಳೂರಿನ ಕೆಲಸಗಳಿಗೆ ಒಯ್ದು ರಾತ್ರಿ ಮರಳಿ ತರುತ್ತಿದೆ. ಚಿನ್ನದ ತೂಕದಿಂದ ಅಳೆದರೆ ಇಲ್ಲಿಯ ಚರಿತ್ರೆ 2001ಕ್ಕೆ ಮುಗಿಯುತ್ತದೆ. ಜನರ ಬಾಳಿನಿಂದ ಅಳೆದರೆ ಮುಗಿದಿಲ್ಲ. ಗಣಿಗಿಳಿದ ಕಡೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಮಾತುಗಳನ್ನು ಬರೆದಿರಿಸುವುದು ಚರಿತ್ರಕಾರರು ಮುಂದೂಡಬಾರದ ಕರ್ತವ್ಯವಾಗಿದೆ.