ಹೊಲಕ್ಕಿಳಿಯುವ ಮುನ್ನ ಟ್ರ್ಯಾಕ್ಟರ್ ಟೈರಿನ ಹವಾ ನೋಡಿರಿ



ಮೇವಿನ ಬೆಳೆಗಳನ್ನು ನೋಡಿಕೊಂಡು ಬರಲು ರಾಯಬಾಗ ತಾಲೂಕಿನ ಪಾಲಬಾವಿಯ ಕಡೆಗೆ ಹೋದಾಗ ಅಲ್ಲಿಯ ಸದಸ್ಯರೊಬ್ಬರು ನಮ್ಮನ್ನು ತಮ್ಮ ನೇಪಿಯರ್ ಹುಲ್ಲಿನ ತೋಟಕ್ಕೆ ಕರೆದುಕೊಂಡು ಹೋದರು. "ಸಾಹೇಬ್ರ, ಮೊದಲನೇ ವರ್ಷ ಆಳೆತ್ತರ ಬಂದ ಹುಲ್ಲು ಈಗ ಮೂರನೇ ವರ್ಷಕ್ಕ ಪಟ್ಟಿ ಪಟ್ಟಿ ಆಗೇತಿ. ಗೊಬ್ಬರ ಅದೇ, ನೀರೂ ಅದೇ. ರೋಗ ಏನರ ಬಂದೈತೇನ ನೋಡ್ರಿ" ಎಂದರು. ರೋಗವೇನೂ ಇರಲಿಲ್ಲ. ಹುಲ್ಲು ಬಡವಾದ ಎರಡು ಪಟ್ಟಿಗಳ ನಡುವಿನ ಅಂತರವನ್ನು ಅಳೆದು ನೋಡಿದರೆ, ಅದು ಅವರ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ನಡುವಿನ ಅಂತರಕ್ಕೆ ಸರಿಯಾಗಿತ್ತು. ಹುಲ್ಲು ಚೆನ್ನಾಗಿದ್ದ ಕಡೆ ಹಾರೆ ಒಂದು ಗೇಣು ಸಲೀಸಾಗಿ ಇಳಿಯಿತು. ಬಡ ಪಟ್ಟಿಯಲ್ಲಿ ನಾಲ್ಕು ಬೆರಳಿಗೇ ನಿಂತಿತು.

ಟ್ರ್ಯಾಕ್ಟರ್ ಅಲ್ಲೇ ಬದುವಿನ ಮೇಲಿತ್ತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆದು ಬಂದ ಟ್ರ್ಯಾಕ್ಟರ್ ಅದು. ಟ್ರೇಲರ್ ಎಳೆಯುವಾಗ ತುಂಬಿಸಿದ ಹವಾ ಟೈರಿನಲ್ಲಿ ಹಾಗೆಯೇ ಇತ್ತು. ನಮ್ಮ ಭಾಗದಲ್ಲಿ ಇದು ಒಬ್ಬರ ಕಥೆಯಲ್ಲ. ಒಂದೇ ಟ್ರ್ಯಾಕ್ಟರ್ ಚಳಿಗಾಲವಿಡೀ ಡಾಂಬರು ರಸ್ತೆಯಲ್ಲಿ ಓಡುತ್ತದೆ, ಆಮೇಲೆ ಅದೇ ಹವಾದಲ್ಲಿ ನೀರುಂಡ ಎರೆ ಭೂಮಿಗೆ ಇಳಿಯುತ್ತದೆ.

ಭಾರ ಹೊರುವುದು ರಬ್ಬರಲ್ಲ, ಹವಾ

ಟೈರಿನ ರಬ್ಬರೇ ಟ್ರ್ಯಾಕ್ಟರಿನ ಭಾರ ಹೊರುತ್ತದೆ ಎಂದು ಹಲವರು ತಿಳಿದಿದ್ದಾರೆ. ರಬ್ಬರು ಹೊರುವುದು ಸ್ವಲ್ಪ ಭಾಗ ಮಾತ್ರ, ಉಳಿದದ್ದನ್ನೆಲ್ಲ ಹೊರುವುದು ಒಳಗಿನ ಹವಾ. ಆದ್ದರಿಂದ ಟೈರಿನೊಳಗೆ ಎಷ್ಟು ಒತ್ತಡವಿದೆಯೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ಟೈರಿನ ಕೆಳಗಿನ ಮಣ್ಣಿನ ಮೇಲೂ ಬೀಳುತ್ತದೆ. 35-40 ಅಶ್ವಶಕ್ತಿಯ ಸಾಧಾರಣ ಟ್ರ್ಯಾಕ್ಟರ್ ಸುಮಾರು 1800 ಕಿಲೊ ತೂಗುತ್ತದೆಂದು ಇಟ್ಟುಕೊಳ್ಳಿರಿ. ಅದರಲ್ಲಿ ಮೂರನೇ ಎರಡು ಭಾಗ ಹಿಂದಿನ ಗಾಲಿಗಳ ಮೇಲೆ, ಅಂದರೆ ಒಂದೊಂದು ಗಾಲಿಗೆ 600 ಕಿಲೊ. ಹವಾ 18 ಪೌಂಡು ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದೂಕಾಲು ಕಿಲೊ ಒತ್ತಡ. ಆಗ 600 ಕಿಲೊ ಹೊರಲು ಟೈರು ನೆಲದ ಮೇಲೆ ಸುಮಾರು 475 ಚದರ ಸೆಂಟಿಮೀಟರ್ ಜಾಗದಲ್ಲಿ ಕೂರುತ್ತದೆ. ಅದೇ 12 ಪೌಂಡಿಗೆ ಇಳಿಸಿದರೆ 710 ಚದರ ಸೆಂಟಿಮೀಟರಿಗೆ ಹರಡುತ್ತದೆ. ಇದು ಸ್ಥೂಲವಾದ ಲೆಕ್ಕ. ಆದರೂ ಹೆಜ್ಜೆಯ ಅಗಲ ಒಂದೂವರೆ ಪಟ್ಟು ಆಯಿತೆಂಬುದು ನಿಜ. ರಾಡಿಯಲ್ಲಿ ತುದಿಗಾಲಿನಲ್ಲಿ ನಡೆಯುವುದಕ್ಕೂ ಪೂರ್ತಿ ಪಾದ ಊರಿ ನಡೆಯುವುದಕ್ಕೂ ಇರುವ ವ್ಯತ್ಯಾಸದಂತೆಯೇ ಇದು.

ಮೊದಮೊದಲು ಟ್ರ್ಯಾಕ್ಟರುಗಳಿಗೆ ಹಲ್ಲಿನ ಕಬ್ಬಿಣದ ಗಾಲಿಗಳೇ ಇದ್ದವು. 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಲಿಸ್-ಚಾಮರ್ಸ್ ಕಂಪನಿಯವರು ಫೈರ್‌ಸ್ಟೋನ್ ಕಂಪನಿಯೊಡನೆ ಸೇರಿ ಹವಾ ತುಂಬಿದ ಟೈರುಗಳನ್ನು ಟ್ರ್ಯಾಕ್ಟರಿಗೆ ಹಾಕಿ ನೋಡಿದರು. ಲಾರಿಯಂತೆ ಗಟ್ಟಿಯಾಗಿ ಹವಾ ತುಂಬಿದ ಟೈರು ಹೊಲದಲ್ಲಿ ಕೆಲಸಕ್ಕೆ ಬರುವುದಿಲ್ಲ, 12-15 ಪೌಂಡಿನ ಮೆತ್ತನೆಯ ಟೈರೇ ಹಿಡಿತ ಕೊಡುತ್ತದೆ ಎಂಬುದು ಆಗಲೇ ಗೊತ್ತಾದ ಸಂಗತಿ. ನಾವು ಕಬ್ಬಿನ ಟ್ರೇಲರ್ ಎಳೆಯುತ್ತಾ ಅದನ್ನು ಮರೆತಿದ್ದೇವೆ ಅಷ್ಟೆ.

ಎರೆ ಭೂಮಿ ಮತ್ತು ಮೇವಿನ ಬೆಳೆ

ಎರೆ ಮಣ್ಣು ಒಣಗಿದಾಗ ಕಲ್ಲಿನಂತೆ ಗಟ್ಟಿ. ಆಗ ಗಾಲಿ ಹಾಯ್ದರೂ ಹೆಚ್ಚು ಹಾನಿಯಿಲ್ಲ. ನೀರು ಹಾಯಿಸಿ ಎರಡು ಮೂರು ದಿನವಾದ ಮೇಲೆ, ಮೇಲೆ ಒಣಗಿದಂತೆ ಕಂಡು ಕೆಳಗೆ ಹಸಿಯಿರುವ ಹೊತ್ತೇ ಅಪಾಯದ್ದು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಒತ್ತಿ ಮುಚ್ಚಿಹೋಗುತ್ತದೆ. ಬೇರಿಗೆ ಉಸಿರಾಟವಿಲ್ಲ, ಮುಂದಿನ ನೀರು ಕೆಳಗಿಳಿಯುವುದಿಲ್ಲ, ಗಾಲಿಯ ಜಾಡಿನಲ್ಲಿ ನಿಂತೇ ಇರುತ್ತದೆ. ಪರೀಕ್ಷೆ ಸುಲಭ. ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಶ್ಯಾವಿಗೆಯಂತೆ ಎಳೆ ಬಂದರೆ ಆ ದಿನ ಟ್ರ್ಯಾಕ್ಟರ್ ಇಳಿಸಬೇಡಿರಿ. ಪುಡಿಯಾಗಿ ಉದುರಿದರೆ ಇಳಿಸಬಹುದು.

ಜೋಳ, ಗೋವಿನಜೋಳದ ಹೊಲವಾದರೆ ಮುಂದಿನ ಬೆಳೆಗೆ ನೇಗಿಲು ಹೊಡೆದಾಗ ಮೇಲಿನ ಗಟ್ಟಿತನ ಒಡೆಯುತ್ತದೆ. ನೇಪಿಯರ್ ಹಾಗಲ್ಲ. ಒಮ್ಮೆ ನೆಟ್ಟರೆ ಹಲವು ವರ್ಷ ನೇಗಿಲಿನ ಸೋಂಕಿಲ್ಲ. ಮೊದಲ ಕಟಾವಿನ ನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಲು, ಪ್ರತಿ ಕೊಯ್ಲಿಗೂ ಟ್ರ್ಯಾಕ್ಟರ್. ವರ್ಷಕ್ಕೆ ಆರೇಳು ಸಲ ಅದೇ ನೆಲವನ್ನು ತುಳಿದರೆ ಮೂರನೇ ವರ್ಷಕ್ಕೆ ಪಟ್ಟಿ ಬೀಳುವುದರಲ್ಲಿ ಆಶ್ಚರ್ಯವೇನು? ಕುದುರೆ ಮಸಾಲೆಯ ಮಡಿಗಳಲ್ಲಿ ಇನ್ನೂ ಒಂದು ತೊಂದರೆಯಿದೆ. ಕೊಯ್ದ ದಿನವೇ ಗಾಲಿ ಹಾಯ್ದರೆ ಗಿಡ ತಡೆದುಕೊಳ್ಳುತ್ತದೆ. ಐದಾರು ದಿನ ಬಿಟ್ಟು ಹಾಯ್ದರೆ ಹೊಸ ಚಿಗುರು ಮುರಿದು ಮುಂದಿನ ಕಟಾವು ಕುಗ್ಗುತ್ತದೆ. ಕೊಯ್ದ ಮೇವನ್ನು ಅಂದೇ ಹೊರಗೆ ಸಾಗಿಸಿರಿ.

ದೊಡ್ಡ ಹಾಲು ಹಿಂಡುವ ದನವೊಂದಕ್ಕೆ ದಿನಕ್ಕೆ 25-30 ಕಿಲೊ ಹಸಿರು ಮೇವು ಬೇಕು. ತೋಟದಲ್ಲಿ ಕಡಿಮೆಯಾದದ್ದನ್ನು ಪಶು ಆಹಾರದ ಚೀಲದಿಂದ ತುಂಬಬೇಕಾಗುತ್ತದೆ, ಚೀಲಕ್ಕೆ ಹಾಲಿನ ಬಿಲ್ಲಿನಿಂದಲೇ ದುಡ್ಡು ಹೋಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಟ್ರ್ಯಾಕ್ಟರನ್ನು ಬಯ್ಯುವವರು ದನದ ಗೊರಸನ್ನೂ ನೋಡಬೇಕು. 500 ಕಿಲೊ ತೂಗುವ ಆಕಳು ಸುಮ್ಮನೆ ನಿಂತಾಗಲೂ ಅದರ ಗೊರಸಿನ ಕೆಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಕಿಲೊ ಒತ್ತಡ ಬೀಳುತ್ತದೆ, ಅಂದರೆ ಟ್ರ್ಯಾಕ್ಟರ್ ಟೈರಿಗಿಂತ ಹೆಚ್ಚು. ಅದು ಆಳಕ್ಕೆ ಹೋಗುವುದಿಲ್ಲ ನಿಜ. ಆದರೆ ಕೊಯ್ದ ಹಸಿ ಮಡಿಯಲ್ಲಿ ದನ ಬಿಟ್ಟು ಮೇಯಿಸುವ ರೂಢಿ ಒಳ್ಳೆಯದಲ್ಲ.

ಎಷ್ಟು ಇಳಿಸಬೇಕು?

ಮೊದಲು ಟ್ರ್ಯಾಕ್ಟರಿನ ಜೊತೆಗೆ ಬಂದ ಪುಸ್ತಕ ನೋಡಿರಿ. ಹೊಲದ ಕೆಲಸಕ್ಕೆ ಒಂದು, ರಸ್ತೆಯ ಸಾಗಾಣಿಕೆಗೆ ಒಂದು ಎಂದು ಎರಡು ಅಂಕಿಗಳಿರುತ್ತವೆ. ನಮ್ಮಲ್ಲಿ ಹೆಚ್ಚಾಗಿರುವ 13.6-28 ಅಳತೆಯ ಸಾದಾ ನೈಲಾನ್ ಟೈರಿಗೆ ಸಾಮಾನ್ಯವಾಗಿ ಹೊಲದಲ್ಲಿ 12ರಿಂದ 14 ಪೌಂಡು, ಸಾಗಾಣಿಕೆಗೆ 16ರಿಂದ 18 ಪೌಂಡು. ಸಾದಾ ಟೈರನ್ನು 12ಕ್ಕಿಂತ ಕೆಳಗೆ ಇಳಿಸಬಾರದು. ಪಕ್ಕದ ಗೋಡೆ ಮಡಿಚಿ ಸೀಳು ಬಿಡುತ್ತದೆ. ಎಳೆತ ಬಿದ್ದಾಗ ಟೈರು ರಿಮ್ಮಿನ ಮೇಲೆ ಜಾರಿ, ಜೊತೆಗೆ ಟ್ಯೂಬೂ ತಿರುಗಿ ವಾಲ್ ಕಿತ್ತುಬರುತ್ತದೆ. ರೇಡಿಯಲ್ ಟೈರುಗಳು ಇದಕ್ಕಿಂತ ಕಡಿಮೆ ಹವಾ ತಾಳುತ್ತವೆ, ಆದರೆ ಟೈರು ತಯಾರಿಸಿದವರ ಪಟ್ಟಿ ನೋಡದೆ ಇಳಿಸಬೇಡಿರಿ. ಮುಂದಿನ ಸಣ್ಣ ಗಾಲಿಗಳಿಗೆ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ.

ಹವಾ ನೋಡುವುದು ಟೈರು ತಣ್ಣಗಿರುವಾಗ, ಬೆಳಿಗ್ಗೆ. ಕಾಲಿನಿಂದ ಒದ್ದು ನೋಡಿ ಹೇಳುವವರಿದ್ದಾರೆ. 12ಕ್ಕೂ 18ಕ್ಕೂ ಇರುವ ವ್ಯತ್ಯಾಸ ಒದೆಗೆ ತಿಳಿಯುವುದಿಲ್ಲ. ಲಾರಿ ಟೈರಿನ ಗೇಜಿನಲ್ಲಿ ಇಷ್ಟು ಕಡಿಮೆ ಅಂಕಿ ಸರಿಯಾಗಿ ತೋರುವುದಿಲ್ಲವಾದ್ದರಿಂದ ಕಡಿಮೆ ಒತ್ತಡದ ಗೇಜೇ ಬೇಕು. ಭಾರಕ್ಕೆಂದು ಟೈರಿಗೆ ನೀರು ತುಂಬಿಸಿದ್ದರೆ ವಾಲ್ ಮೇಲಕ್ಕೆ ಬರುವಂತೆ ಗಾಲಿ ನಿಲ್ಲಿಸಿ ನೋಡಿರಿ. ಇಂಥ ಟೈರಿನಲ್ಲಿ ಹವಾದ ಜಾಗ ಸ್ವಲ್ಪವೇ ಇರುವುದರಿಂದ ಕ್ಷಣದಲ್ಲಿ ಇಳಿದುಬಿಡುತ್ತದೆ, ಹುಷಾರಿ.

ಇಳಿಸಿದ್ದರಿಂದ ಡೀಸೆಲ್ ಉಳಿಯಿತೋ ಇಲ್ಲವೋ ಎಂಬುದನ್ನು ನೀವೇ ಅಳೆಯಬಹುದು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ಕೆಲಸವಿಲ್ಲದೆ ಗಾಲಿ ಹತ್ತು ಸುತ್ತು ತಿರುಗುವಷ್ಟು ನಡೆಸಿ ದೂರ ಅಳೆಯಿರಿ. ಸುಮಾರು 40 ಮೀಟರ್ ಬರುತ್ತದೆ. ಈಗ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. 34 ಮೀಟರ್ ಬಂದರೆ ಜಾರಿಕೆ 15 ಪ್ರತಿಶತ, ಅದು ಸರಿಯಾದದ್ದು. 30ಕ್ಕೆ ಬಂದರೆ ಗಾಲಿಯ ನಾಲ್ಕರಲ್ಲೊಂದು ಸುತ್ತು ಮಣ್ಣು ಉಜ್ಜುವುದರಲ್ಲೇ ಹೋಯಿತು. ಹವಾ ಇಳಿಸಿ ಮತ್ತೊಮ್ಮೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

ರಸ್ತೆಗೆ ಬಂದಾಗ ಮತ್ತೆ ತುಂಬಬೇಕು. ಕಡಿಮೆ ಹವಾದಲ್ಲಿ ತುಂಬಿದ ಟ್ರೇಲರ್ ಎಳೆದರೆ ಟೈರು ಕಾಯ್ದು ಒಡೆಯುತ್ತದೆ, ತಿರುವಿನಲ್ಲಿ ಟ್ರ್ಯಾಕ್ಟರ್ ಓಲಾಡುತ್ತದೆ. ಪ್ರಾಣಕ್ಕೇ ಸಂಬಂಧಿಸಿದ ಮಾತಿದು. ಕಬ್ಬಿನ ಟ್ರೇಲರ್ ಹಿಂದೆ ಇರುವಾಗ ಈ ಲೇಖನ ಓದಿದ್ದನ್ನು ಮರೆತುಬಿಡಿರಿ.

ದಿನವೂ ಇಳಿಸಿ ಏರಿಸುವುದು ಯಾರಿಂದಲೂ ಆಗದು ಎಂಬುದು ನಮಗೆ ಗೊತ್ತಿದೆ. ಕಾಲುಪಂಪಿನಿಂದ ಆ ಟೈರು ತುಂಬುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಆದ್ದರಿಂದ ಕಬ್ಬಿನ ಹಂಗಾಮು ಮುಗಿದ ದಿನವೇ ಒಂದು ಸಲ ಹೊಲದ ಅಳತೆಗೆ ಇಳಿಸಿರಿ, ಮುಂದಿನ ಹಂಗಾಮಿಗೆ ಪಂಕ್ಚರ್ ಅಂಗಡಿಯಲ್ಲಿ ಏರಿಸಿರಿ. ನಡುವೆ ಮನೆಯಿಂದ ತೋಟಕ್ಕೆ ಬರಿ ಟ್ರ್ಯಾಕ್ಟರ್ ನಿಧಾನವಾಗಿ ಹೋಗಿ ಬರಲು ಹೊಲದ ಹವಾ ಸಾಕು.

ಟ್ರೇಲರಿನ ಮಾತು ಬೇರೆ. ಅದರ ಟೈರು ಸಣ್ಣದು, ಹವಾ ಟ್ರ್ಯಾಕ್ಟರಿನ ಎರಡು ಮೂರು ಪಟ್ಟು, ಅದನ್ನು ಇಳಿಸುವಂತೆಯೂ ಇಲ್ಲ. ಜೊತೆಗೆ ಹವಾ ಕಡಿಮೆ ಮಾಡಿದರೆ ಉಳಿಯುವುದು ಮೇಲಿನ ಒಂದಡಿ ಮಣ್ಣು ಮಾತ್ರ. ಆಳದ ಮಣ್ಣು ಗಟ್ಟಿಯಾಗುವುದು ಒಟ್ಟು ಭಾರದಿಂದ. ಹೀಗಾಗಿ ಟ್ರೇಲರನ್ನು ಬದುವಿನ ಮೇಲೆಯೇ ನಿಲ್ಲಿಸಿ ಮೇವಿನ ಹೊರೆಗಳನ್ನು ಅಲ್ಲಿಯವರೆಗೆ ಹೊತ್ತು ತರುವುದೇ ಲೇಸು. ತೋಟ ದೊಡ್ಡದಾಗಿ ಒಳಗೆ ಹೋಗಲೇಬೇಕೆಂದರೆ ಒಂದೇ ದಾರಿ ಗುರುತು ಮಾಡಿ, ಪ್ರತಿ ಸಲ ಅದೇ ಜಾಡಿನಲ್ಲಿ ಹೋಗಿರಿ. ಗಾಲಿ ಮೊದಲ ಸಲ ಹಾಯ್ದಾಗಲೇ ಹೆಚ್ಚಿನ ಹಾನಿ ಆಗಿಬಿಡುತ್ತದೆ, ಎರಡನೆಯದು ಮೂರನೆಯದು ಅದಕ್ಕೆ ಸ್ವಲ್ಪವೇ ಸೇರಿಸುತ್ತವೆ. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಓಡಾಡಿದರೆ ಇಡೀ ತೋಟವೇ ಗಟ್ಟಿಯಾಗುತ್ತದೆ. ಟೈರಿನ ಚಕ್ಕಡಿ ಇದ್ದವರು ಮೇವಿಗೆ ಅದನ್ನೇ ಬಳಸಿದರೆ ಇನ್ನೂ ಒಳ್ಳೆಯದು.

ಪಾಲಬಾವಿಯ ಆ ಸದಸ್ಯರಿಗೂ ಇದನ್ನೇ ಹೇಳಿ ಬಂದೆವು. ಗಟ್ಟಿಯಾದ ಪಟ್ಟಿಗಳಲ್ಲಿ ಬೇಸಿಗೆಯಲ್ಲಿ ಒಂದು ನೀರು ತಪ್ಪಿಸಿ, ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಸಾಲಿನ ನಡುವೆ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಹಾಯಿಸುವುದು. ಸತ್ತ ಬುಡಗಳ ಜಾಗದಲ್ಲಿ ಮಳೆಗಾಲದ ಮೊದಲು ಹೊಸ ತುಂಡುಗಳನ್ನು ನೆಡುವುದು. ಎರೆ ಮಣ್ಣು ಬಿರುಕು ಬಿಟ್ಟು ತಾನೇ ಸ್ವಲ್ಪ ಸಡಿಲಾಗುತ್ತದೆ, ಆದರೆ ಒಂದು ವರ್ಷದಲ್ಲಿ ಪೂರ್ತಿ ಸರಿಹೋಗುವುದಿಲ್ಲ. ಸಂಘದಲ್ಲಿ ಒಂದು ಕಡಿಮೆ ಒತ್ತಡದ ಗೇಜು ಇಟ್ಟರೆ ಹಾಲು ಹಾಕಲು ಬಂದವರು ಒಯ್ದು ನೋಡಿ ಮರಳಿ ತರಬಹುದು. ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಲಿ.