ಮೀನಿನ ಬಾಯಿ ನೋಡಿ ಗಾಳ

ಹೊಸಪೇಟೆಯ ಚಿತ್ತವಾಡ್ಗಿಯಿಂದ ಗದ್ದೆಗಳ ಕಡೆ ಹೊರಳಿದರೆ ಕಬ್ಬು, ಬಾಳೆ, ಭತ್ತ. ಈ ಸೀಮೆಯ ಹಸಿರಿಗೆ ನೀರುಣಿಸುವ ರಾಯ, ಬಸವಣ್ಣ ಕಾಲುವೆಗಳು ವಿಜಯನಗರದ ಕಾಲದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದು ನಿಂತ ಮೇಲೂ ಅವು ಕೆಲಸ ಬಿಟ್ಟಿಲ್ಲ. ನಡುಗಾಲುವೆಯ ಸೆಳೆತದಲ್ಲಿ ಗಾಳ ನಿಲ್ಲುವುದಿಲ್ಲ. ತೂಬಿನ ಕೆಳಗೆ ನೀರು ಸುತ್ತು ಹಾಕಿ ದಣಿವಾರಿಸಿಕೊಳ್ಳುವ ಮಡುವು, ಜೊಂಡಿನ ಅಂಚು, ಮರದ ನೆರಳು ಬಿದ್ದ ದಂಡೆ ಗಾಳದವರ ಜಾಗ.

ಬೆಳಗಿನ ಬಿಸಿಲು ಇನ್ನೂ ಎಳೆಯದು. ದಂಡೆಯ ಮೇಲೆ ಟವೆಲ್ ಹಾಸಿ ಕೂತ ಅಜ್ಜನ ಮುಂದೆ ಬಿದಿರಿನ ಕೋಲು, ತಂಗೂಸು ಸುತ್ತಿದ ಕಟ್ಟಿಗೆ ತುಂಡು, ಜೋಳದ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣು, ಅದರೊಳಗೆ ಎರೆಹುಳ. ಪಕ್ಕದಲ್ಲಿ ಮೊಮ್ಮಗ.

“ಅಜ್ಜಾ, ದೊಡ್ಡ ಕೊಕ್ಕಿ ಹಾಕಿದ್ರ ದೊಡ್ಡ ಮೀನು ಬರ್ತೈತಲ್ಲ?”

“ಮೊದ್ಲು ಅದರ ಬಾಯಿ ಎಷ್ಟೈತಿ ನೋಡೋ ತಮ್ಮಾ.”

ಗಾಳದ ವಿದ್ಯೆಯೆಲ್ಲ ಈ ಮಾತಿನಲ್ಲಿದೆ. ಈ ನೀರಿನಲ್ಲಿ ಹೆಚ್ಚಾಗಿ ಸಿಗುವ ಜಿಲೇಬಿ ಮೀನಿಗೆ ಮೈ ಅಗಲ, ಬಾಯಿ ಚಿಕ್ಕದು. ದಪ್ಪ ಕೊಕ್ಕೆ ಕಂಡರೆ ಹುಳದ ತುದಿಯನ್ನಷ್ಟೇ ಕಿತ್ತು ಹೋಗುತ್ತದೆ. ಅದಕ್ಕೆ ಸಣ್ಣ ಕೊಕ್ಕೆ, ಅರ್ಧ ಎರೆಹುಳ, ಇಲ್ಲವೇ ಗೋಧಿ ಹಿಟ್ಟಿನ ಕಡಲೆ ಗಾತ್ರದ ಉಂಡೆ ಸಾಕು. ಕೊರವ ಮೀನಿನ ಬಾಯಿ ದೊಡ್ಡದು, ಹಸಿವೂ ದೊಡ್ಡದು; ಅದಕ್ಕೆ ಹಿಟ್ಟು ರುಚಿಸದು, ಮಿಸುಕಾಡುವ ಕಪ್ಪೆಮರಿಯೋ ಸಣ್ಣ ಮೀನೋ ಬೇಕು.

ಅಜ್ಜನ ಕೈಯಲ್ಲಿರುವ ಕೊಕ್ಕೆಗೆ ಕಣ್ಣಿಲ್ಲ, ತಲೆ ಚಪ್ಪಟೆ. ತಂಗೂಸನ್ನು ಕೊಕ್ಕೆಯ ಬೆನ್ನಿಗೆ ಒರಗಿಸಿ, ಮಡಚಿ, ಸಣ್ಣದೊಂದು ಕುಣಿಕೆ ಉಳಿಸಿಕೊಳ್ಳುತ್ತಾನೆ. ಏಳೆಂಟು ಸುತ್ತು, ಒಂದರ ಮಗ್ಗುಲಿಗೆ ಒಂದು, ಮೇಲೆ ಹತ್ತದಂತೆ. ತುದಿಯನ್ನು ಕುಣಿಕೆಯೊಳಗೆ ತೂರಿಸಿ, ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ, ಮೆಲ್ಲಗೆ ಜಗ್ಗುತ್ತಾನೆ. ಒಣಗಂಟನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ತಂಗೂಸು ಸೊರಗುತ್ತದೆ, ಮೀನು ಎಳೆದಾಗ ಅಲ್ಲೇ ಹರಿಯುತ್ತದೆ. ಸುತ್ತುಗಳು ಬಿಗಿದು ಚಪ್ಪಟೆ ತಲೆಗೆ ಆನಿಕೊಂಡವು ಎಂದರೆ ಗಾಳ ಸಿದ್ಧ.

ಬಾಯಿ ನೋಡಿ ಗಾಳ ಕಟ್ಟುವ ಈ ಲೆಕ್ಕ ಉತ್ತರ ಅಮೆರಿಕದ ಕೆರೆಕುಂಟೆಗಳಲ್ಲೂ ನಡೆಯುತ್ತದೆ. ಅಲ್ಲಿನ ಬ್ಲೂಗಿಲ್ ಅಂಗೈಯಗಲದ, ಪುಟ್ಟ ಬಾಯಿಯ ಮೀನು. ನಮ್ಮ ಜಿಲೇಬಿಯಂತೆ ಅದರ ಗಂಡೂ ದಂಡೆಯ ಬಳಿ ತಳದಲ್ಲಿ ಗುಂಡಿ ತೋಡಿ ಗೂಡು ಮಾಡುತ್ತದೆ. ಅದನ್ನು ಹಿಡಿಯುವವರಲ್ಲಿ ಹಲವರು ಹುಳ ಚುಚ್ಚುವುದಿಲ್ಲ. ಸಣ್ಣ ಕೊಕ್ಕೆಗೆ ನೂಲು ಸುತ್ತಿ, ಹುಂಜದ ಕತ್ತಿನ ಗರಿ, ನವಿಲುಗರಿಯ ಎಳೆ ಕಟ್ಟಿ ಹುಳದ ರೂಪವನ್ನೇ ಮಾಡುತ್ತಾರೆ. ಮೀನು ನೀರಿನ ಮೇಲೆ ಬಾಯಿ ಹಾಕುತ್ತಿದ್ದರೆ ತೇಲುವಂಥದು, ತಳದಲ್ಲಿದ್ದರೆ ನಿಧಾನಕ್ಕೆ ಇಳಿಯುವಂಥದು. ನೀರಲ್ಲಿ ಗರಿಯ ಎಳೆಗಳು ಬಿಚ್ಚಿ ಮಿಡಿದಾಗ ಮೀನಿಗೆ ಅದು ಜೀವವೆಂದೇ ಕಾಣುತ್ತದೆ. ಹೀಗೆ ಕಟ್ಟುವವರ ಮೇಜಿಗೆ ಭಾರತದ ಹುಂಜದ ಗರಿಗಳು ಬಹುಕಾಲ ಹೋಗುತ್ತಿದ್ದವು.

ಮೀನನ್ನು ಅರಿತು ಗಾಳ ಹಾಕುವ ವಿದ್ಯೆ ನಮಗೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಯಾವ ಮೀನು ಎಂಥದು, ಯಾವುದಕ್ಕೆ ಯಾವ ಮೇವು, ಗಾಳ ಹೇಗಿರಬೇಕು ಎಂದು ಅರಸನೊಬ್ಬ ಕೂತು ವಿವರಿಸಿದ್ದಾನೆ. ಗಾಳಗಾರಿಕೆಯ ಬೈಬಲ್ಲೆಂದು ಇಂಗ್ಲಿಷರು ಮೆಚ್ಚುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ, ಅದಾಗಿ ಐದು ಶತಮಾನಗಳ ಮೇಲೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿ, ನಮ್ಮ ಹೊಳೆಗಳ ಮೀನಿಗೆ ಎಂಥ ಗಾಳ ಹೊಂದುತ್ತದೆಂದು ವಿಸ್ತಾರವಾಗಿ ಬರೆದ. ದೊರೆ, ಕಲೆಕ್ಟರ್, ದಂಡೆಯ ಅಜ್ಜ ಮೂವರೂ ಮೀನನ್ನು ಅರಿತು ಆಮೇಲೆ ಗಾಳಕ್ಕೆ ಕೈ ಹಾಕಿದವರು.

ಬೆಂಡು ಒಮ್ಮೆ ನಡುಗಿತು. ಹುಡುಗ ಕೋಲಿಗೆ ಕೈ ಹಾಕಿದ; ಅಜ್ಜ ತಡೆದ. “ತಡಿ, ರುಚಿ ನೋಡಾಕತ್ತೈತಿ.” ಎರಡನೆಯ ಸಲ ಬೆಂಡು ಓರೆಯಾಗಿ ಜಾರಿ ಮುಳುಗಿತು. “ಈಗ ಎತ್ತು!” ಬೂದುಹಸಿರಿನ ಜಿಲೇಬಿ ಬೆನ್ನಿನ ಮುಳ್ಳು ಸೆಟೆಸಿ ದಂಡೆಯ ಮೇಲೆ ಪಟಪಟನೆ ಬಡಿಯಿತು. ಕೊಕ್ಕೆ ಮೇಲ್ದುಟಿಯಲ್ಲಿ ನೆಟ್ಟಗೆ ಕೂತಿತ್ತು. ಮುಳ್ಳು ಚುಚ್ಚದಂತೆ ತಲೆಯ ಕಡೆಯಿಂದ ಅಂಗೈ ಸವರಿ ಹಿಡಿಯುವುದನ್ನು ಅಜ್ಜ ತೋರಿಸಿಕೊಟ್ಟ.

ಬಲೆ ಬೀಸಿದರೆ ಬುಟ್ಟಿ ಬೇಗ ತುಂಬೀತು. ಆದರೆ ಯಾವ ಮೀನು ಎಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ, ಎಂದು ಗೂಡು ಕಟ್ಟುತ್ತದೆ ಎಂಬುದನ್ನು ಬಲೆ ಇಷ್ಟು ಹತ್ತಿರದಿಂದ ಕೇಳುವುದಿಲ್ಲ. ಗಾಳ ಕಟ್ಟುವವನಿಗೆ ಅದು ಗೊತ್ತಿರಲೇಬೇಕು. ಕಾಲುವೆಗೆ ಊರಿನ ಗಲೀಜು ಇಳಿದು ಮೀನು ಜಾಗ ಬಿಟ್ಟರೆ ಮೊದಲು ತಿಳಿಯುವುದೂ ಅವನಿಗೇ. ಹಾಗಾಗಿ ಮಕ್ಕಳಿಗೆ ಗಾಳ ಕಟ್ಟುವುದನ್ನು ಕಲಿಸಬೇಕು. ನೀರನ್ನು ಬಲ್ಲ ಮಕ್ಕಳೇ ನಾಳೆ ಅದನ್ನು ಕಾಯುವವರು.